ಕೋಣೆ ತುಂಬ ಹೊಗೆ, ಆದರೂ ಯಾರೂ ಏಳಲಿಲ್ಲ

ಪ್ರಶ್ನೆ: ನನ್ನ ಭಾವ ಮೆಕ್ಯಾನಿಕಲ್ ಎಂಜಿನಿಯರ್. ಚೆನ್ನಾಗಿ ಓದಿಕೊಂಡವರು, ಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ಭೂಮಿ ಬಿಸಿಯಾಗುತ್ತಿರುವುದು ಮನುಷ್ಯರಿಂದ ಅಂದರೆ ಮಾತ್ರ ಒಪ್ಪುವುದಿಲ್ಲ. "ಹವಾಮಾನ ಹಿಂದೆಯೂ ಬದಲಾಗಿತ್ತು, ಜ್ವಾಲಾಮುಖಿಗಳು ನಮಗಿಂತ ಜಾಸ್ತಿ ಕಾರ್ಬನ್ ಉಗುಳುತ್ತವೆ, ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ" ಅನ್ನುತ್ತಾರೆ. ನಾನು ಗ್ರಾಫು, ವರದಿ, ವಿಡಿಯೊ ಎಲ್ಲ ಕಳಿಸಿದೆ. ಕಳಿಸಿದಷ್ಟೂ ಗಟ್ಟಿಯಾದರು. ಈಗ ಅಕ್ಕ, "ಎಲ್ಲರೂ ಕೂತಿದ್ದಾಗ ಆ ವಿಷಯ ಎತ್ತಬೇಡ ಮಾರಾಯ" ಅಂದುಬಿಟ್ಟಿದ್ದಾಳೆ. ಇಷ್ಟು ಪುರಾವೆ ಕಣ್ಣೆದುರಿಗಿದ್ದರೂ ಜನ ಯಾಕೆ ಕಡೆಗಣಿಸುತ್ತಾರೆ? ಭಾವನಿಗೆ ನಾನು ಏನು ಹೇಳಲಿ?

ಉತ್ತರ: ಅರ್ಧ ಉತ್ತರ ನಿಮ್ಮ ಅಕ್ಕನ ಮಾತಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಕೋಣೆಯ ಕಥೆ ಕೇಳಿ.

1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಕಾಲೇಜು ಹುಡುಗರನ್ನು ಸಂದರ್ಶನ ಅಂತ ಕರೆದು, ಸಣ್ಣ ಕೋಣೆಯೊಂದರಲ್ಲಿ ಕೂರಿಸಿ, ತುಂಬಲು ಫಾರಂ ಕೊಟ್ಟರು. ಸ್ವಲ್ಪ ಹೊತ್ತಿಗೆ ಗೋಡೆಯ ಗಾಳಿಕಿಂಡಿಯಿಂದ ಬಿಳಿ ಹೊಗೆ ಒಳಗೆ ಬರತೊಡಗಿತು. ಒಬ್ಬನೇ ಕೂತಿದ್ದಾಗ ನಾಲ್ವರಲ್ಲಿ ಮೂವರು ಎದ್ದು ಹೊರಗೆ ಹೋಗಿ ಹೇಳಿದರು. ಇನ್ನೊಂದು ಸುತ್ತಿನಲ್ಲಿ ಹುಡುಗನ ಜೊತೆ ಬೇರೆ ಇಬ್ಬರನ್ನು ಕೂರಿಸಿದರು. ಆ ಇಬ್ಬರೂ ಪ್ರಯೋಗದ ಕಡೆಯವರೇ. ಹೊಗೆಯನ್ನು ಒಮ್ಮೆ ನೋಡಿ, ಏನೂ ಆಗಿಲ್ಲ ಅನ್ನುವಂತೆ ಫಾರಂ ತುಂಬುತ್ತಾ ಇರಬೇಕು ಅಂತ ಅವರಿಗೆ ಹೇಳಿಕೊಟ್ಟಿತ್ತು. ಈ ಸಲ ಹತ್ತು ಹುಡುಗರಲ್ಲಿ ಎದ್ದವನು ಒಬ್ಬ ಮಾತ್ರ. ಉಳಿದವರು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಕೈಬೀಸಿ ಹೊಗೆ ಆಚೆ ತಳ್ಳಿದರು, ಕಿಟಕಿ ತೆರೆದರು. ಪೆನ್ನು ಮಾತ್ರ ಕೆಳಗಿಡಲಿಲ್ಲ.

ಆಮೇಲೆ ಕೇಳಿದಾಗ ಕೊಟ್ಟ ಕಾರಣಗಳು ಇನ್ನೂ ಸ್ವಾರಸ್ಯ. ಹಬೆ ಇರಬೇಕು ಅಂದುಕೊಂಡೆ ಅಂದರು. ಏಸಿಯಿಂದ ಬಂದ ಆವಿ ಅಂದರು. ಇಬ್ಬರಂತೂ, ನಮ್ಮಿಂದ ನಿಜ ಹೇಳಿಸೋಕೆ ಬಿಟ್ಟ ಗ್ಯಾಸ್ ಅಂದುಕೊಂಡಿದ್ದರು! ಏಳದೆ ಕೂತವರಲ್ಲಿ ಬೆಂಕಿ ಇರಬಹುದು ಅಂದವರು ಯಾರೂ ಇಲ್ಲ.

ಇದನ್ನು ಪಾಠದಲ್ಲಿ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ನಕ್ಕು ಮುಗಿದ ಮೇಲೆ ಕೇಳುತ್ತೇನೆ: ಆ ಕೋಣೆಯಲ್ಲಿ ಪುರಾವೆಗೆ ಕೊರತೆ ಇತ್ತಾ? ಇರಲಿಲ್ಲ. ಪುರಾವೆ ಮೂಗಿನೊಳಗೇ ಹೋಗಿತ್ತು. ಆದರೆ ಅವರು ನೋಡುತ್ತಿದ್ದದ್ದು ಪಕ್ಕದವರ ಮುಖವನ್ನು. ಪಕ್ಕದವನು ಆರಾಮಾಗಿದ್ದಾನೆ, ಹಾಗಾದರೆ ಇದು ಅಂಥದ್ದೇನಲ್ಲ. ಅಷ್ಟೇ ಲೆಕ್ಕ.

ನನ್ನ ಕೆಲಸ ವಾಯುಮಂಡಲದ ಅಧ್ಯಯನ, ಮನಸ್ಸಿನದಲ್ಲ. ಬಹಳ ವರ್ಷ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಜನರಿಗೆ ಗೊತ್ತಿಲ್ಲ, ಗೊತ್ತುಮಾಡಿದರೆ ಒಪ್ಪುತ್ತಾರೆ ಅಂತ. ಒಂದು ಸಲ ಸಭೆಯೊಂದರಲ್ಲಿ ಒಂದೂವರೆ ಗಂಟೆ ಗ್ರಾಫಿನ ಮೇಲೆ ಗ್ರಾಫ್ ತೋರಿಸಿದೆ. ಮುಗಿದ ಮೇಲೆ ಮೊದಲ ಸಾಲಿನ ಹಿರಿಯರೊಬ್ಬರು ಬಂದು ಕೈಕುಲುಕಿ, "ತುಂಬಾ ಚೆನ್ನಾಗಿ ಹೇಳಿದ್ರಿ ಸಾರ್. ಏನೇ ಆದರೂ ಇದೆಲ್ಲ ಪ್ರಕೃತಿ ನಿಯಮ ಅಲ್ವಾ?" ಅಂದರು. ವ್ಯಂಗ್ಯ ಏನೂ ಇರಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಮನಸ್ಸಿನ ಬಗ್ಗೆ ಕೆಲಸ ಮಾಡಿದವರನ್ನು ಓದತೊಡಗಿದ್ದು ಆಮೇಲೆ.

ಪುರಾವೆ ಹೊಸದೂ ಅಲ್ಲ. ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲೇ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು ನೋಡಿದರು. ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು, ಆರಲು ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಮೂರು ವರ್ಷದ ನಂತರ ಜಾನ್ ಟಿಂಡಾಲ್ ಈ ಅನಿಲಗಳು ಶಾಖವನ್ನು ಹೀರಿಕೊಳ್ಳುವುದನ್ನು ಅಳೆದು ತೋರಿಸಿದರು. 1896ರಲ್ಲಿ ಸ್ವಾಂಟೆ ಅರ್ಹೇನಿಯಸ್, ಗಾಳಿಯಲ್ಲಿ ಇದರ ಪ್ರಮಾಣ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು ಅಂತ ಕೈಯಲ್ಲೇ ಲೆಕ್ಕ ಹಾಕಿದರು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 313 ಕಾರ್ಬನ್ ಡೈಆಕ್ಸೈಡ್ ಇದ್ದವು. 2024ರ ಸರಾಸರಿ ಸುಮಾರು 424. ಕೈಗಾರಿಕೆಗಳು ಬರುವ ಮುಂಚೆ 280ರ ಹತ್ತಿರ ಇತ್ತು. ದಾಖಲೆ ಇರುವಷ್ಟು ವರ್ಷಗಳಲ್ಲಿ ಅತಿ ಬಿಸಿಯಾದದ್ದು ಕೂಡ 2024ನೇ ಇಸವಿಯೇ.

ಅದು ನಮ್ಮದೇ ಕಾರ್ಬನ್ ಅಂತ ಹೇಗೆ ಗೊತ್ತು? ಬೆರಳಚ್ಚು ಸಿಕ್ಕಿದೆ. ಗಿಡಗಳು ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುವಾಗ ಹಗುರವಾದ ಕಾರ್ಬನ್ನನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಕಲ್ಲಿದ್ದಲು, ಪೆಟ್ರೋಲಿಯಂ ಎಲ್ಲ ಕೋಟ್ಯಂತರ ವರ್ಷ ಹಿಂದಿನ ಜೀವಿಗಳು. ಅವುಗಳಲ್ಲಿ ಭಾರದ ಕಾರ್ಬನ್ ಕಡಿಮೆ, ವಿಕಿರಣ ಸೂಸುವ ಕಾರ್ಬನ್-14 ಅಂತೂ ಪೂರ್ತಿ ಖಾಲಿ. ಈಗ ಗಾಳಿಯಲ್ಲಿ ಈ ಎರಡರ ಪಾಲೂ ಇಳಿಯುತ್ತಿದೆ. ಜೊತೆಗೆ ಆಮ್ಲಜನಕವೂ ಚೂರು ಚೂರೇ ಇಳಿಯುತ್ತಿದೆ. ಏನನ್ನಾದರೂ ಸುಟ್ಟರೆ ಆಮ್ಲಜನಕ ಖರ್ಚಾಗಬೇಕಲ್ಲ? ಕಾರ್ಬನ್ ಜ್ವಾಲಾಮುಖಿಯಿಂದ ಬಂದಿದ್ದರೆ ಆಮ್ಲಜನಕ ಹೀಗೆ ಖರ್ಚಾಗುತ್ತಿರಲಿಲ್ಲ. ಇನ್ನೂ ಒಂದಿದೆ. ಬಿಸಿಗೆ ಸೂರ್ಯ ಕಾರಣವಾಗಿದ್ದರೆ ವಾಯುಮಂಡಲ ಮೇಲಿಂದ ಕೆಳಗಿನವರೆಗೆ ಬಿಸಿಯಾಗಬೇಕಿತ್ತು. ಆಗಿರುವುದು ಹಾಗಲ್ಲ. ಕೆಳಗಿನ ಪದರ ಬಿಸಿಯಾಗುತ್ತಿದೆ, ಅದರ ಮೇಲಿನ ಪದರವಾದ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಕಂಬಳಿ ಹೊದ್ದವನ ಮೈ ಬೆಚ್ಚಗೆ, ಕಂಬಳಿಯ ಹೊರಗೆ ತಂಪು. ಹೀಗಾಗುತ್ತದೆ ಅಂತ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು.

ಇಷ್ಟೆಲ್ಲ ಇದ್ದ ಮೇಲೂ ಯಾಕೆ?

ಒಂದು ಸುಲಭದ ಉತ್ತರ ಚಲಾವಣೆಯಲ್ಲಿದೆ. ನಮ್ಮ ಮಿದುಳು ಇಂಥ ಅಪಾಯಕ್ಕೆ ತಯಾರಾಗಿಲ್ಲ ಅಂತ. ಹಾವು ಕಂಡರೆ ಹಾರುತ್ತೇವೆ, ಕಲ್ಲು ತೂರಿದರೆ ತಲೆ ತಗ್ಗಿಸುತ್ತೇವೆ. ಮೂವತ್ತು ವರ್ಷ ಹಿಡಿದು ನಿಧಾನಕ್ಕೆ ಏರುವ ಸರಾಸರಿ ಉಷ್ಣತೆಗೆ ಮೈ ಜುಂ ಅನ್ನುವುದಿಲ್ಲ. ಇದು ನಿಜವೇ. ಅದರಲ್ಲೂ ನಮ್ಮ ನೆನಪು ಬಹಳ ಗಿಡ್ಡ. ಅಮೆರಿಕದ ಜನ ಹವೆಯ ಬಗ್ಗೆ ಟ್ವಿಟರಿನಲ್ಲಿ ಏನು ಬರೆಯುತ್ತಾರೆ ಅಂತ ಸಂಶೋಧಕರು ಜಾಲಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ವಿಪರೀತ ಸೆಕೆಯೋ ಚಳಿಯೋ ಬಂದ ಮೊದಲ ವರ್ಷಗಳಲ್ಲಿ ಜನ ಅದರ ಬಗ್ಗೆ ಮಾತಾಡುತ್ತಾರೆ. ಅದೇ ಹವೆ ಪ್ರತಿ ವರ್ಷ ಮರುಕಳಿಸಿದರೆ ಮಾತು ಕಡಿಮೆಯಾಗುತ್ತದೆ. 'ಮಾಮೂಲಿ ಹವೆ' ಅಂತ ನಾವು ಅಂದುಕೊಳ್ಳುವುದು ಹಿಂದಿನ ಎರಡರಿಂದ ಎಂಟು ವರ್ಷಗಳಲ್ಲಿ ಕಂಡದ್ದನ್ನು ಅಷ್ಟೇ. ಅಜ್ಜ ಕಂಡ ಬೇಸಿಗೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ತಮಾಷೆ ಅಂದರೆ, ಹೊರಗೆ ಈ ಹೊತ್ತು ಹೇಗಿದೆ ಅನ್ನುವುದರ ಮೇಲೆ ಜನರ ನಂಬಿಕೆ ಅಲ್ಲಾಡುತ್ತದೆ. ಇವತ್ತು ಸೆಕೆ ಜಾಸ್ತಿ ಅನ್ನಿಸಿದವರು ಭೂಮಿ ಬಿಸಿಯಾಗುತ್ತಿದೆ ಅಂತ ಹೆಚ್ಚು ನಂಬುತ್ತಾರೆ, ಚಳಿ ಅನ್ನಿಸಿದವರು ಕಡಿಮೆ. 2015ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಪ್ಲಾಸ್ಟಿಕ್ ಚೀಲದಲ್ಲಿ ಹಿಮದ ಉಂಡೆ ತಂದು ಸೆನೆಟ್ಟಿನಲ್ಲೇ ತೋರಿಸಿ, ಹೊರಗೆ ಎಷ್ಟು ಚಳಿ ನೋಡಿ ಅಂದು ಎಸೆದರು. ಅದರ ಹಿಂದಿನ ವರ್ಷ, 2014, ಅಲ್ಲಿಯವರೆಗಿನ ದಾಖಲೆಯಲ್ಲಿ ಅತ್ಯಂತ ಬಿಸಿಯಾದ ವರ್ಷ. ನಗು ಬರುತ್ತದೆ. ಆದರೆ ಧಗೆಯ ದಿನ "ನೋಡಿದ್ರಾ, ಭೂಮಿ ಬಿಸಿಯಾಗಿದೆ" ಅನ್ನುವ ನಾವು ಮಾಡುವುದೂ ಅದನ್ನೇ, ಉಂಡೆ ಬೇರೆ ಅಷ್ಟೇ.

ಆದರೆ ಮಿದುಳನ್ನೇ ಪೂರ್ತಿ ದೂರುವುದು ನನಗೆ ಒಪ್ಪಿಗೆ ಇಲ್ಲ. ಕಣ್ಣಿಗೆ ಕಾಣದ ಬೇರೆ ಅಪಾಯಗಳಿಗೆ ಇದೇ ಮಿದುಳು ಎಚ್ಚೆತ್ತಿದೆ. ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿದ್ದ ಸಿಎಫ್‌ಸಿ ಅನಿಲ ಓಝೋನ್ ಪದರವನ್ನು ತಿನ್ನುತ್ತದೆ ಅಂತ ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಹೇಳಿದರು. 1987ಕ್ಕೆಲ್ಲ ಅದರ ಬಳಕೆ ಇಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಓಝೋನನ್ನು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಸಿಎಫ್‌ಸಿ ಮಾಡುತ್ತಿದ್ದ ಕಂಪನಿಗಳು ಬೆರಳೆಣಿಕೆಯಷ್ಟು, ಬದಲಿ ಅನಿಲ ಸಿಗುವಂತಿತ್ತು, ಮನೆಯ ಫ್ರಿಜ್ಜನ್ನು ಯಾರೂ ಬಿಡಬೇಕಾಗಿರಲಿಲ್ಲ. ಒಪ್ಪಿಕೊಂಡರೆ ಕಳೆದುಕೊಳ್ಳುವುದು ಕಡಿಮೆ ಇತ್ತು, ಒಪ್ಪಿಕೊಂಡರು.

ನಿಮ್ಮ ಭಾವನ ವಿಷಯ ಬರುವುದು ಇಲ್ಲೇ. ಪುರಾವೆ ಗಟ್ಟಿಯಾ ಅಂತ ನೋಡುವ ಮುಂಚೆಯೇ ನಮ್ಮೊಳಗೆ ಯಾರೋ ಇನ್ನೊಂದು ಲೆಕ್ಕ ಮಾಡಿ ಮುಗಿಸಿರುತ್ತಾರೆ. ಇದನ್ನು ಒಪ್ಪಿದರೆ ನನ್ನ ಪಾಡೇನು? ನನ್ನ ಕಡೆಯವರು ನನ್ನನ್ನು ಏನಂದಾರು?

ಟ್ರಾಯ್ ಕ್ಯಾಂಪ್‌ಬೆಲ್ ಮತ್ತು ಆರನ್ ಕೇ ಎಂಬಿಬ್ಬರು 2014ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಸರ್ಕಾರದ ಹಸ್ತಕ್ಷೇಪ ಅಷ್ಟಾಗಿ ಇಷ್ಟಪಡದ ಅಮೆರಿಕದ ರಿಪಬ್ಲಿಕನ್ ಪಕ್ಷದ ಬೆಂಬಲಿಗರಿಗೆ ತಾಪಮಾನ ಏರಿಕೆಯ ಬಗ್ಗೆ ಒಂದೇ ಹೇಳಿಕೆ ಕೊಟ್ಟರು. ಪರಿಹಾರ ಮಾತ್ರ ಬೇರೆ ಬೇರೆ. ಕೆಲವರಿಗೆ, ಇದಕ್ಕೆ ಸರ್ಕಾರದ ನಿರ್ಬಂಧವೇ ಮದ್ದು ಅಂದರು. ಕೆಲವರಿಗೆ, ಮುಕ್ತ ಮಾರುಕಟ್ಟೆ ಮತ್ತು ಹೊಸ ತಂತ್ರಜ್ಞಾನವೇ ಮದ್ದು ಅಂದರು. ಮೊದಲ ಗುಂಪಿನಲ್ಲಿ ಏರಿಕೆಯನ್ನು ಒಪ್ಪಿದವರು ಶೇ. 22. ಎರಡನೆಯದರಲ್ಲಿ ಶೇ. 55. ರೋಗ ಅದೇ. ಔಷಧಿ ಕಹಿ ಅಂತ ಗೊತ್ತಾದ ಕೂಡಲೇ ರೋಗವೇ ಇಲ್ಲ ಅಂದವರು ಅಷ್ಟು ಜನ. ಕನ್ನಡದಲ್ಲಿ ಇದಕ್ಕೆ ಒಳ್ಳೇ ಪದ ಇದೆ, ಜಾಣಗುರುಡು. ಆದರೆ ಇವರು ಬೇಕಂತಲೇ ಕಣ್ಣು ಮುಚ್ಚಿಕೊಂಡವರಲ್ಲ. ಕಣ್ಣು ಮುಚ್ಚಿರುವುದು ಅವರಿಗೇ ಗೊತ್ತಿಲ್ಲ.

ಓದಿದವರು ಹೀಗೆ ಮಾಡುವುದಿಲ್ಲ ಅಂತೀರಾ? ಡಾನ್ ಕಹಾನ್ ಮತ್ತು ಜೊತೆಗಾರರು 2012ರಲ್ಲಿ ಕಂಡುಕೊಂಡದ್ದು ತಿರುಗುಮುರುಗು. ವಿಜ್ಞಾನ, ಗಣಿತ ಚೆನ್ನಾಗಿ ಗೊತ್ತಿದ್ದವರಲ್ಲಿ, ಬೇರೆ ಬೇರೆ ಲೋಕದೃಷ್ಟಿಯ ಎರಡು ಬಣಗಳ ನಡುವೆ ಹವಾಮಾನದ ಅಪಾಯದ ಬಗ್ಗೆ ಇದ್ದ ಅಂತರ ಕಡಿಮೆ ಆಗಿರಲಿಲ್ಲ, ಜಾಸ್ತಿಯಾಗಿತ್ತು. ಯೋಚಿಸಿ ನೋಡಿದರೆ ಆಶ್ಚರ್ಯ ಇಲ್ಲ. ಲೆಕ್ಕ ಬಲ್ಲವನಿಗೆ ಗ್ರಾಫಿನಲ್ಲಿ ಹುಳುಕು ಹುಡುಕುವುದೂ ಚೆನ್ನಾಗಿ ಬರುತ್ತದೆ. ನೀವು ಒಂದು ವರದಿ ಕಳಿಸಿದರೆ ಭಾವ ನಾಲ್ಕು ಆಕ್ಷೇಪ ತೆಗೆಯುತ್ತಾರೆ, ಯಾಕೆಂದರೆ ಅವರಿಗೆ ತೆಗೆಯುವ ಶಕ್ತಿ ಇದೆ. ಒಳ್ಳೆಯ ವಕೀಲನಿಗೆ ಕೇಸು ಯಾವುದಾದರೇನು?

ಕಡೆಯವರು ಏನಂದಾರು ಅನ್ನುವ ಭಯವೂ ಸುಳ್ಳಲ್ಲ. ಬಾಬ್ ಇಂಗ್ಲಿಸ್ ಅಂತ ಅಮೆರಿಕದ ದಕ್ಷಿಣ ಕೆರೊಲಿನಾದ ರಿಪಬ್ಲಿಕನ್ ಸಂಸದರಿದ್ದರು. ಮೊದಲು ಇದೆಲ್ಲ ಬೊಗಳೆ ಅನ್ನುತ್ತಿದ್ದವರು. ಮಗ ಹಿಡಿದು ಕೇಳಿದ, ಆಮೇಲೆ ಇವರು ಅಂಟಾರ್ಕ್ಟಿಕಾಕ್ಕೆ ಹೋಗಿ ಹಿಮ ಕೊರೆದು ತೆಗೆದ ಹಳೆಯ ಗಾಳಿಯ ದಾಖಲೆ ನೋಡಿ ಬಂದರು, ಮನಸ್ಸು ಬದಲಾಯಿಸಿ ಅದನ್ನು ಹೊರಗೂ ಹೇಳಿದರು. 2010ರಲ್ಲಿ ಸ್ವಂತ ಪಕ್ಷದೊಳಗಿನ ಚುನಾವಣೆಯಲ್ಲೇ ಭಾರಿ ಅಂತರದಲ್ಲಿ ಸೋತರು. ಸೋಲಿಗೆ ಇದೊಂದೇ ಕಾರಣ ಅಲ್ಲ, ಆದರೆ ದೊಡ್ಡ ಪಾಪ ಇದೇ ಅಂತ ಅವರೇ ಹೇಳಿಕೊಂಡಿದ್ದಾರೆ. ಈಗ ನಿಮ್ಮ ಭಾವನ ಕಡೆಯಿಂದ ನೋಡಿ. ಅವರೊಬ್ಬರು ಒಪ್ಪಿಕೊಂಡರೆ ಭೂಮಿಯ ಉಷ್ಣತೆ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಗೆಳೆಯರ ನಡುವೆ ಮಾತ್ರ "ನೀನೂ ಅವರ ಕಡೆ ಸೇರಿದೆಯಾ?" ಅನ್ನಿಸಿಕೊಳ್ಳಬೇಕು. ಲಾಭ ನಷ್ಟದ ಲೆಕ್ಕದಲ್ಲಿ ಅವರು ದಡ್ಡರಲ್ಲ.

ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ ಅಂತಾರಲ್ಲ, ಆ ಮಾತು ತಾನಾಗಿ ಹುಟ್ಟಿದ್ದಲ್ಲ. ಅದನ್ನು ದುಡ್ಡು ಕೊಟ್ಟು ಬೆಳೆಸಿದ್ದಾರೆ. ಬೀಜ ಬಿದ್ದದ್ದು ಸಿಗರೇಟಿನ ಧಂದೆಯಲ್ಲಿ. 1969ರ ಅಮೆರಿಕದ ತಂಬಾಕು ಕಂಪನಿಯೊಂದರ ಒಳಗಿನ ಟಿಪ್ಪಣಿಯಲ್ಲಿ, ಅನುಮಾನವೇ ನಮ್ಮ ಸರಕು ಅಂತ ಬರೆದದ್ದು ಆಮೇಲೆ ಹೊರಗೆ ಬಂತು. ಸಿಗರೇಟು ಒಳ್ಳೆಯದು ಅಂತ ಸಾಧಿಸಬೇಕಿರಲಿಲ್ಲ. ಇನ್ನೂ ಖಚಿತ ಆಗಿಲ್ಲ ಅಂತ ಜನಕ್ಕೆ ಅನ್ನಿಸಿದರೆ ಸಾಕಿತ್ತು. ತೈಲದವರೂ ಅದೇ ದಾರಿ ಹಿಡಿದರು. ಎಕ್ಸಾನ್ ಕಂಪನಿಯ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1977ರಲ್ಲೇ ತನ್ನ ಮೇಲಿನವರಿಗೆ, ಇಂಧನ ಸುಡುವುದರಿಂದ ಹವಾಮಾನ ಬದಲಾಗುತ್ತದೆ ಅಂತ ತಿಳಿಸಿದ್ದರು. ಕಂಪನಿಯ ಒಳಗಿನ 1982ರ ಗ್ರಾಫ್ ಒಂದರಲ್ಲಿ 2020ರ ಹೊತ್ತಿಗೆ ಗಾಳಿಯ ಕಾರ್ಬನ್ ಎಷ್ಟಿರುತ್ತದೆ ಅಂತ ಗೆರೆ ಎಳೆದಿದ್ದಾರೆ. ಇಂದು ನೋಡಿದರೆ ಗೆರೆ ಹೆಚ್ಚುಕಡಿಮೆ ಸರಿಯಾದ ಜಾಗದಲ್ಲೇ ಹೋಗಿದೆ. 2023ರಲ್ಲಿ ಸಂಶೋಧಕರು ಆ ಕಂಪನಿಯ ಹಳೆಯ ಲೆಕ್ಕಗಳನ್ನೆಲ್ಲ ಹೊರತೆಗೆದು ತಾಳೆ ನೋಡಿದರು. ಬಹುಪಾಲು ನಿಖರವಾಗಿದ್ದವು. ಒಳಗೆ ಇಷ್ಟು ಗೊತ್ತಿದ್ದೂ, 1997ರಲ್ಲಿ ಕಂಪನಿಯ ಮುಖ್ಯಸ್ಥರು ಬೀಜಿಂಗಿನಲ್ಲಿ ನಿಂತು, ಭೂಮಿ ಇಪ್ಪತ್ತು ವರ್ಷದ ಹಿಂದೆ ಇದ್ದದ್ದಕ್ಕಿಂತ ಈಗ ತಂಪಾಗಿದೆ ಅಂದರು. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಪತ್ರಿಕೆ, ಟಿವಿಗಳೂ ಗೊತ್ತಿಲ್ಲದೇ ಕೈಜೋಡಿಸಿದವು. ಎರಡೂ ಕಡೆ ಕೇಳಬೇಕು ಅಂತ ಒಬ್ಬ ವಿಜ್ಞಾನಿ, ಒಬ್ಬ ಅಲ್ಲ ಅನ್ನುವವನನ್ನು ಎದುರುಬದುರು ಕೂರಿಸಿದರು. ನೋಡುವವರಿಗೆ ಐವತ್ತು-ಐವತ್ತು ಅನ್ನಿಸಿತು. 2013ರ ಹೆಸರಾದ ಒಂದು ಅಧ್ಯಯನ ಸಾವಿರಾರು ಸಂಶೋಧನಾ ಲೇಖನಗಳನ್ನು ನೋಡಿತು. ಕಾರಣದ ಬಗ್ಗೆ ನಿಲುವು ಹೇಳಿದ ಲೇಖನಗಳಲ್ಲಿ ಶೇ. 97 ಮನುಷ್ಯನೇ ಕಾರಣ ಅಂದಿದ್ದವು. ವಿಜ್ಞಾನಿಗಳ ಭಾಷೆಯೂ ಸ್ವಲ್ಪ ಕಾಟ ಕೊಟ್ಟಿದೆ, ಒಪ್ಪುತ್ತೇನೆ. ನಾವು 'ಅನಿಶ್ಚಿತತೆ' ಅಂದರೆ ಲೆಕ್ಕ ಎಷ್ಟರಿಂದ ಎಷ್ಟರವರೆಗೆ ಅಂತ. ಕಾರ್ಬನ್ ಎರಡು ಪಟ್ಟಾದರೆ 2.5 ಡಿಗ್ರಿಯೋ 4 ಡಿಗ್ರಿಯೋ ಅನ್ನುವ ಚರ್ಚೆ ನಮ್ಮಲ್ಲಿ ಇದೆ. ಹೊರಗೆ ಕೇಳಿಸುವುದು "ಅವರಿಗೇ ಗೊತ್ತಿಲ್ಲವಂತೆ" ಅಂತ.

ಇಷ್ಟು ಹೇಳಿ ಈಗ ನಿಮ್ಮ ಅಕ್ಕನ ಮಾತಿಗೆ ಬರುತ್ತೇನೆ. ಯಾಕೆಂದರೆ ಭಾವನಂಥವರು ನೀವು ಅಂದುಕೊಂಡಷ್ಟು ಇಲ್ಲ. ಖಡಾಖಂಡಿತ ಅಲ್ಲಗಳೆಯುವವರು ಕಡಿಮೆ. ಜಾಸ್ತಿ ಇರುವವರು ನಿಮ್ಮ ಅಕ್ಕನಂಥವರು. ಅವರಿಗೆ ಗೊತ್ತಿದೆ, ನಂಬುತ್ತಾರೆ, ಮಾತು ಮಾತ್ರ ಬೇಡ.

ಕಾರಿ ನೋರ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞೆ 2000-01ರ ಚಳಿಗಾಲವನ್ನು ನಾರ್ವೆಯ ಒಂದು ಊರಲ್ಲಿ ಕಳೆದರು. ಆ ವರ್ಷ ಹಿಮ ಬಹಳ ತಡವಾಗಿ ಬಿತ್ತು. ಸ್ಕೀಯಿಂಗ್ ಇಳಿಜಾರಿಗೆ ಯಂತ್ರದಿಂದ ಮಾಡಿದ ಹಿಮ ಹಾಸಬೇಕಾಯಿತು. ಎಲ್ಲರ ಬಾಯಲ್ಲೂ ಹವೆಯದ್ದೇ ಮಾತು. ಕಾರಣವೂ ಅಲ್ಲಿಯವರಿಗೆ ಗೊತ್ತಿತ್ತು, ಓದಿದ ಜನ, ಅಲ್ಲಗಳೆಯುವವರಲ್ಲ. ಆದರೆ ಇದರ ಬಗ್ಗೆ ಏನು ಮಾಡೋಣ ಅನ್ನುವ ಕಡೆ ಮಾತು ತಿರುಗಿದ ಕೂಡಲೇ ಮೌನ. ಊರಿನ ಸಭೆಯಲ್ಲಿ ಅದು ವಿಷಯವಾಗಲಿಲ್ಲ, ಹರಟೆಯಲ್ಲೂ ಮುಂದುವರಿಯಲಿಲ್ಲ. ನಾರ್ವೆಯ ಸಂಪತ್ತಿನ ದೊಡ್ಡ ಭಾಗ ತೈಲದಿಂದ ಬಂದದ್ದು. ತಾವು ಒಳ್ಳೆಯವರು ಅಂತ ನಂಬಿದ ಜನಕ್ಕೆ ಅದನ್ನು ನೇರ ನೋಡುವುದು ಕಷ್ಟ. ತಪ್ಪಿತಸ್ಥ ಭಾವನೆ, ಏನೂ ಮಾಡಲಾಗದು ಅನ್ನುವ ಸಂಕಟ, ಇವನ್ನೆಲ್ಲ ದೂರ ಇಡಲು ಮಾತೇ ಎತ್ತದಿರುವುದು ಸುಲಭ. ನಾನೂ ಇದರಿಂದ ಹೊರಗಿಲ್ಲ. ಹವಾಮಾನದ ಸಮ್ಮೇಳನಕ್ಕೆ ವಿಮಾನದಲ್ಲಿ ಹಾರಿ ಹೋಗಿ, ವಿಮಾನಗಳ ಹೊಗೆಯ ಬಗ್ಗೆ ಭಾಷಣ ಮಾಡಿ ಬಂದವನು ನಾನು. ಆ ಸಭೆಯಲ್ಲೂ ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಈ ಮೌನ ಏನು ಮಾಡುತ್ತದೆ ಗೊತ್ತಾ? 2024ರಲ್ಲಿ 125 ದೇಶಗಳ ಸುಮಾರು 1.3 ಲಕ್ಷ ಜನರ ಸಮೀಕ್ಷೆ ಪ್ರಕಟವಾಯಿತು. ಪ್ರತಿ ತಿಂಗಳು ಮನೆಯ ಆದಾಯದ ಶೇ. 1ರಷ್ಟನ್ನು ಇದಕ್ಕಾಗಿ ಕೊಡುತ್ತೀರಾ ಅಂತ ಕೇಳಿದರೆ ಶೇ. 69 ಜನ ಹೂಂ ಅಂದರು. ನಿಮ್ಮ ದೇಶದಲ್ಲಿ ನೂರರಲ್ಲಿ ಎಷ್ಟು ಜನ ಹೂಂ ಅಂದಾರು ಅಂತ ಕೇಳಿದರೆ ಬಂದ ಸರಾಸರಿ ಉತ್ತರ 43. ಸರ್ಕಾರ ಇನ್ನೂ ಹೆಚ್ಚು ಮಾಡಬೇಕು ಅಂದವರು ಶೇ. 89. ಅಂದರೆ ಬಹುಪಾಲು ಜನಕ್ಕೆ ಹೊಗೆ ಕಾಣುತ್ತಿದೆ. ಪ್ರತಿಯೊಬ್ಬರೂ ಪಕ್ಕದವನಿಗೆ ಕಾಣುತ್ತಿಲ್ಲ ಅಂದುಕೊಂಡಿದ್ದಾರೆ. ಎಲ್ಲರೂ ಫಾರಂ ತುಂಬುತ್ತಿದ್ದಾರೆ.

ಹಾಗಾಗಿ ನಿಮ್ಮ ಶಕ್ತಿಯನ್ನೆಲ್ಲ ಭಾವನ ಮೇಲೆ ಸುರಿಯಬೇಡಿ ಅಂತ ನನ್ನ ಸಲಹೆ. ಅದರಲ್ಲಿ ಅರ್ಧ ಅಕ್ಕನಿಗೆ ಕೊಡಿ. ಅವರ ಹತ್ತಿರ ವಾದ ಬೇಕಾಗಿಲ್ಲ. "ನಿಂಗೂ ಇದು ಚಿಂತೆಯಾಗುತ್ತಾ ಅಕ್ಕ?" ಅಂತ ಒಂದು ಸಲ ಕೇಳಿ, ಆಮೇಲೆ ಅವರು ಹೇಳುವುದನ್ನು ಕೇಳುತ್ತಾ ಕೂತರೆ ಸಾಕು. ಮಕ್ಕಳಿದ್ದರೆ ಅವರನ್ನೂ ಬಿಡಬೇಡಿ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 2019ರ ಒಂದು ಅಧ್ಯಯನ, ಶಾಲೆಯಲ್ಲಿ ಹವಾಮಾನದ ಪಾಠ ಕಲಿತ ಮಕ್ಕಳ ಅಪ್ಪ ಅಮ್ಮಂದಿರಲ್ಲೂ ಕಾಳಜಿ ಹೆಚ್ಚಾದದ್ದನ್ನು ತೋರಿಸಿತು. ಅತಿ ಹೆಚ್ಚು ಬದಲಾದವರಲ್ಲಿ ಅಪ್ಪಂದಿರು ಮತ್ತು ಸಂಪ್ರದಾಯವಾದಿ ಪೋಷಕರು ಇದ್ದರು. ಮಕ್ಕಳಲ್ಲಿ ಹೆಣ್ಣುಮಕ್ಕಳ ಮಾತು ಹೆಚ್ಚು ನಾಟಿತ್ತು. ಮಗಳು ಕೇಳಿದಾಗ ಅಪ್ಪ ಯಾವ ಬಣದವನೂ ಅಲ್ಲ ನೋಡಿ.

ಹೆದರಿಸಲು ಹೋಗಬೇಡಿ. ಲೋಕ ಮುಳುಗಿತು ಅಂದರೆ ಕೇಳುವವರು ಎರಡೇ ಮಾಡುತ್ತಾರೆ. ಒಂದೋ ಉತ್ಪ್ರೇಕ್ಷೆ ಅಂತ ತಳ್ಳಿಹಾಕುತ್ತಾರೆ, ಇಲ್ಲವೇ ಇನ್ನೇನು ಮಾಡಿ ಏನು ಪ್ರಯೋಜನ ಅಂತ ಕೈಚೆಲ್ಲುತ್ತಾರೆ. ಎಲ್ಲರೆದುರು ಭಾವನನ್ನು ತಿದ್ದಲೂ ಹೋಗಬೇಡಿ. ಹತ್ತು ಜನರ ಮುಂದೆ ಸೋತೆ ಅಂತ ಯಾರೂ ಒಪ್ಪಿದ್ದನ್ನು ನಾನು ಕಂಡಿಲ್ಲ. ಇಬ್ಬರೇ ಇದ್ದಾಗ, ಗ್ರಾಫ್ ಒಯ್ಯದೆ, ಸುಮ್ನೆ ಒಂದು ಲೆಕ್ಕ ಕೇಳಿ. ಅವರೇ ಬಿಡಿಸಲಿ. ಎಂಜಿನಿಯರಿಗೆ ಉತ್ತರ ಕೊಟ್ಟರೆ ಜಗಳ, ಲೆಕ್ಕ ಕೊಟ್ಟರೆ ಖುಷಿ.

ಲೆಕ್ಕ ಇದು. ಜಗತ್ತು ಒಂದು ವರ್ಷಕ್ಕೆ ಸುಡುವ ಕಲ್ಲಿದ್ದಲು, ತೈಲ, ಗ್ಯಾಸಿನಿಂದ ಸುಮಾರು 3,700 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಜ್ವಾಲಾಮುಖಿಗಳದ್ದು ಇದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಅದನ್ನು ಅವರು ಬೇಕಾದರೆ ಸೇರಿಸಿಕೊಳ್ಳಲಿ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದರಷ್ಟು ಏರಬೇಕಾದರೆ ಸುಮಾರು 780 ಕೋಟಿ ಟನ್ ಬೇಕು. ಹಾಗಾದರೆ ವರ್ಷಕ್ಕೆ ಎಷ್ಟು ಏರಬೇಕು? ಕಾಗದ ಪೆನ್ನು ಇಲ್ಲದೇ ಹೇಳುತ್ತಾರೆ, ಐದರ ಹತ್ತಿರ ಅಂತ. ಆಮೇಲೆ ಮೌನಾ ಲೋವಾದ ಅಂಕಿ ನೋಡಲು ಹೇಳಿ. ಅಲ್ಲಿ ವರ್ಷಕ್ಕೆ ಏರುತ್ತಿರುವುದು ಎರಡೂವರೆಯ ಆಸುಪಾಸು. ಅವರ ಮುಖದಲ್ಲಿ ಗೆಲುವು ಕಾಣಿಸಬಹುದು: "ನೋಡಿದೆಯಾ, ನಿಮ್ಮ ಲೆಕ್ಕ ಸರಿಹೋಗಲ್ಲ!" ಆಗ ಅವಸರ ಮಾಡಬೇಡಿ. ಗಾಳಿಗೆ ಬಂದು ಸೇರಿದ್ದು ನಾವು ಸುಟ್ಟದ್ದಕ್ಕಿಂತ ಕಡಿಮೆ ಇದ್ದರೆ, ಬೇರೆ ಯಾರೋ ಹೆಚ್ಚುವರಿ ತಂದು ಹಾಕುತ್ತಿದ್ದಾರೆ ಅನ್ನೋಕೆ ಜಾಗ ಎಲ್ಲಿದೆ ಅಂತ ಅವರಿಗೇ ಹೊಳೆಯಲು ಒಂದೆರಡು ನಿಮಿಷ ಬೇಕು. ಆಮೇಲೆ ಬರುವ ಪ್ರಶ್ನೆ, ಉಳಿದರ್ಧ ಎಲ್ಲಿ ಹೋಯಿತು ಅಂತ. ಅದಕ್ಕೆ ಉತ್ತರ ನೀವು ಕೊಡಬಹುದು: ಸಮುದ್ರಕ್ಕೆ ಮತ್ತು ಗಿಡಮರ, ಮಣ್ಣಿಗೆ.